ಮನೆಯ ಮುದ್ರಿಕೆ, ಮನೆಯಾಚೆಯ ಪರದೆ

ಟೆಲಿವಿಷನ್ ಕಾರ್ಯಕ್ರಮವೊಂದನ್ನು ಮನೆಯ ಪೆಟ್ಟಿಗೆಯಲ್ಲಿ ರೆಕಾರ್ಡ್ ಮಾಡಿಟ್ಟು, ಆ ಪ್ರತಿಯನ್ನೇ ಬೇರೊಂದು ಊರಿನಲ್ಲಿಯೋ ದೇಶದಲ್ಲಿಯೋ ಇದ್ದುಕೊಂಡು ಮೊಬೈಲಿನಲ್ಲಿ ನೋಡುವ ವ್ಯವಸ್ಥೆಯು ಮೇಲ್ನೋಟಕ್ಕೆ ಇಂದಿನ ಓಟಿಟಿ ಸೇವೆಗಳನ್ನು ಹೋಲುತ್ತದೆಯಾದರೂ ಎರಡರ ಬುನಾದಿಯೇ ಬೇರೆ. ಓಟಿಟಿಯಲ್ಲಿ ಪ್ರತಿಯು ಕಂಪನಿಯ ಸರ್ವರ್‌ನಲ್ಲಿ, ಅಂದರೆ ದೂರದ ದತ್ತಾಂಶ ಕೇಂದ್ರದ ಕಂಪ್ಯೂಟರಿನಲ್ಲಿ ಇರುತ್ತದೆ. ಯಾವ ಕಾರ್ಯಕ್ರಮ ಎಷ್ಟು ದಿನ ಉಳಿಯಬೇಕು, ಯಾವ ದೇಶದವರಿಗೆ ಕಾಣಬೇಕು ಎಂಬುದನ್ನು ಕಂಪನಿಯೇ ತೀರ್ಮಾನಿಸುತ್ತದೆ. ಮನೆಯ ಮುದ್ರಿಕೆಯ ವಿಷಯದಲ್ಲಿ ಪ್ರತಿ ಮಾಡುವವರು ನೋಡುಗರು, ಇಟ್ಟುಕೊಳ್ಳುವವರು ನೋಡುಗರು, ಅಳಿಸುವ ಅಧಿಕಾರವೂ ಅವರದೇ. ಅಂತರ್ಜಾಲವು ಅವರ ಮನೆಗೂ ಅವರ ಕೈಯಲ್ಲಿರುವ ಫೋನಿಗೂ ನಡುವಿನ ದಾರಿ ಮಾತ್ರ. ಈ ದಾರಿಯನ್ನು ತೆರೆಯಲು ಎಂಜಿನಿಯರುಗಳು ಪಟ್ಟ ಪಾಡು, ಅದನ್ನು ಮುಚ್ಚಲು ಪ್ರಸಾರ ಸಂಸ್ಥೆಗಳು ಹೂಡಿದ ದಾವೆಗಳು, ಕೊನೆಗೆ ನೋಡುಗರೇ ಅದರಿಂದ ಸರಿದುಹೋದ ಬಗೆ ಇವೆಲ್ಲವೂ ಸುಮಾರು ಐದು ದಶಕಗಳ ಕಥೆ. ಅದರ ನಡುವೆ ಮತ್ತೆ ಮತ್ತೆ ತಲೆಯೆತ್ತುವ ಪ್ರಶ್ನೆ ಒಂದೇ: ಪ್ರತಿ ಮಾಡಿದವರು ಯಾರು?

ಬಾನುಲಿಯಂತೆ ಟೆಲಿವಿಷನ್ ಕೂಡ ಹುಟ್ಟಿನಿಂದಲೇ ಕಾಲಕ್ಕೆ ಕಟ್ಟುಬಿದ್ದ ಮಾಧ್ಯಮ. ಪ್ರಸಾರದ ಹೊತ್ತಿಗೆ ಪರದೆಯ ಮುಂದೆ ಇಲ್ಲದವರಿಗೆ ಆ ಕಾರ್ಯಕ್ರಮ ಇಲ್ಲವೇ ಇಲ್ಲ ಎಂಬ ಸ್ಥಿತಿಯನ್ನು ಮೊದಲು ಬದಲಿಸಿದ್ದು ಮನೆಬಳಕೆಯ ವಿಡಿಯೊ ಕ್ಯಾಸೆಟ್ ರೆಕಾರ್ಡರ್. ಸೋನಿ ಕಂಪನಿಯ ಬೀಟಾಮ್ಯಾಕ್ಸ್ 1975ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಮುಖ್ಯ ಆಕರ್ಷಣೆಯೇ ಕಾಲಪಲ್ಲಟ, ಅಂದರೆ ಪ್ರಸಾರವಾದ ಹೊತ್ತಿನ ಕಾರ್ಯಕ್ರಮವನ್ನು ತನಗೆ ಬಿಡುವಾದ ಹೊತ್ತಿಗೆ ಸರಿಸಿಕೊಂಡು ನೋಡುವ ಸೌಲಭ್ಯ. ಮರುವರ್ಷವೇ ಯೂನಿವರ್ಸಲ್ ಮತ್ತು ವಾಲ್ಟ್ ಡಿಸ್ನಿ ಸಂಸ್ಥೆಗಳು ಅಮೆರಿಕದಲ್ಲಿ ಸೋನಿಯ ಮೇಲೆ ದಾವೆ ಹೂಡಿದವು. ಮನೆಯಲ್ಲಿ ಮಾಡುವ ಪ್ರತಿಯು ಕೃತಿಸ್ವಾಮ್ಯದ ಉಲ್ಲಂಘನೆ, ಅಂಥ ಉಲ್ಲಂಘನೆಗೆ ಉಪಕರಣ ಒದಗಿಸಿದ ಕಂಪನಿಯೂ ಹೊಣೆಗಾರ ಎಂಬುದು ಅವುಗಳ ವಾದ. ಕೆಳ ನ್ಯಾಯಾಲಯ ಸೋನಿಯ ಪರವಾಗಿ, ಮೇಲ್ಮನವಿ ನ್ಯಾಯಾಲಯ ಸೋನಿಯ ವಿರುದ್ಧವಾಗಿ ತೀರ್ಪಿತ್ತ ಬಳಿಕ, 1984ರ ಜನವರಿ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಸೋನಿಯನ್ನು ಎತ್ತಿಹಿಡಿಯಿತು. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಅವರ ಪ್ರಕಾರ, ಉಚಿತವಾಗಿ ಪ್ರಸಾರವಾಗುವ ಕಾರ್ಯಕ್ರಮವನ್ನು ಮುಂದೆ ನೋಡಲೆಂದು ಮನೆಯಲ್ಲಿ ಮುದ್ರಿಸಿಕೊಳ್ಳುವುದು ನ್ಯಾಯಸಮ್ಮತ ಬಳಕೆ. ಹೀಗೆ ಗಣನೀಯ ಸಕ್ರಮ ಬಳಕೆಯುಳ್ಳ ಉಪಕರಣವನ್ನು ಮಾರಿದ ಮಾತ್ರಕ್ಕೆ ತಯಾರಕರನ್ನು ತಪ್ಪಿತಸ್ಥರೆನ್ನಲಾಗದು. ಒಂದು ಮತದ ಅಂತರದಲ್ಲಿ ನಿಂತ ಈ ತೀರ್ಪಿನ ನೆರಳಿನಲ್ಲೇ ಮುಂದಿನ ಎಲ್ಲ ಉಪಕರಣಗಳೂ ಬೆಳೆದವು.

ಟೇಪಿನ ಜಾಗಕ್ಕೆ ಹಾರ್ಡ್ ಡಿಸ್ಕ್ ಬಂದುದು 1999ರಲ್ಲಿ. ಜಿಮ್ ಬಾರ್ಟನ್ ಮತ್ತು ಮೈಕ್ ರಾಮ್ಸೆ ಸ್ಥಾಪಿಸಿದ ಟಿವೊ ಕಂಪನಿಯ ಪೆಟ್ಟಿಗೆ ಹಾಗೂ ಅದರ ಪ್ರತಿಸ್ಪರ್ಧಿ ರಿಪ್ಲೇ ಟಿವಿ ಆ ವರ್ಷ ಮಾರುಕಟ್ಟೆಗೆ ಬಂದು, ಡಿಜಿಟಲ್ ವಿಡಿಯೊ ರೆಕಾರ್ಡರ್ ಎಂಬ ಹೊಸ ಉಪಕರಣವರ್ಗಕ್ಕೆ ನಾಂದಿ ಹಾಡಿದವು. ಟೇಪಿನಲ್ಲಿ ಬರೆಯುವ ತುದಿಯೇ ಓದುವ ತುದಿಯೂ ಆಗಿರುವುದರಿಂದ ಮುದ್ರಣ ಮುಗಿಯುವವರೆಗೆ ಕಾಯಲೇಬೇಕಿತ್ತು. ಹಾರ್ಡ್ ಡಿಸ್ಕಿನಲ್ಲಿ ಒಂದೆಡೆ ಬರೆಯುತ್ತಲೇ ಇನ್ನೊಂದೆಡೆಯಿಂದ ಓದಬಹುದಾದ್ದರಿಂದ, ನಡೆಯುತ್ತಿರುವ ಪ್ರಸಾರವನ್ನೇ ತಡೆದು ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಮುಂದುವರಿಸಬಹುದಾಯಿತು. ಅದಕ್ಕಿಂತ ದೊಡ್ಡ ಬದಲಾವಣೆಯೆಂದರೆ ಕಾರ್ಯಕ್ರಮವು ಕಡತವಾದುದು. ಕಡತವಾದ ಮೇಲೆ ಅದನ್ನು ನಕಲು ಮಾಡಬಹುದು, ಅಡಕಗೊಳಿಸಬಹುದು, ತಂತಿಯ ಮೂಲಕ ಕಳುಹಿಸಬಹುದು. ಮುದ್ರಿಕೆಯನ್ನು ಮನೆಯ ಹೊರಗೆ ಒಯ್ಯುವ ಸಾಧ್ಯತೆ ಹುಟ್ಟಿದ್ದು ಇಲ್ಲಿಯೇ.

ಆ ಸಾಧ್ಯತೆಯನ್ನು ಸಾಮಾನ್ಯ ಕೊಳ್ಳುಗರ ಕೈಗೆ ತಲುಪಿಸಿದ ಉಪಕರಣ ಸ್ಲಿಂಗ್‌ಬಾಕ್ಸ್. ಕ್ಯಾಲಿಫೋರ್ನಿಯಾದ ಬ್ಲೇಕ್ ಕ್ರಿಕೋರಿಯನ್ ಮತ್ತು ಜೇಸನ್ ಕ್ರಿಕೋರಿಯನ್ ಎಂಬ ಸೋದರರಿಗೆ 2002ರಲ್ಲಿ ತಮ್ಮೂರಿನ ಸ್ಯಾನ್‌ಫ್ರಾನ್ಸಿಸ್ಕೊ ಜಯಂಟ್ಸ್ ಬೇಸ್‌ಬಾಲ್ ತಂಡವು ವರ್ಲ್ಡ್ ಸೀರೀಸ್‌ನತ್ತ ಸಾಗುತ್ತಿದ್ದಾಗ, ಕೆಲಸದ ಮೇಲೆ ಬೇರೆ ಊರುಗಳಲ್ಲಿದ್ದ ಕಾರಣ ಆ ಪಂದ್ಯಗಳನ್ನು ನೋಡಲಾಗದೆ ಹೋಯಿತು. ಪಂದ್ಯದ ಪ್ರಸಾರಕ್ಕೆ ತಿಂಗಳ ಶುಲ್ಕ ತೆರುತ್ತಿದ್ದರೂ ಆ ಪ್ರಸಾರವು ಮನೆಯ ಗೋಡೆಯಾಚೆ ಬರುತ್ತಿರಲಿಲ್ಲ. ಭೂಪೇನ್ ಶಾ ಅವರೊಡಗೂಡಿ ಈ ಸೋದರರು ಕಟ್ಟಿದ ಸ್ಲಿಂಗ್ ಮೀಡಿಯಾ ಕಂಪನಿಯು 2005ರ ಬೇಸಿಗೆಯಲ್ಲಿ ಚಿನ್ನದ ಗಟ್ಟಿಯ ಆಕಾರದ ಪುಟ್ಟ ಪೆಟ್ಟಿಗೆಯೊಂದನ್ನು ಸುಮಾರು 250 ಡಾಲರ್ ಬೆಲೆಗೆ, ತಿಂಗಳ ಶುಲ್ಕವಿಲ್ಲದೆ ಬಿಡುಗಡೆ ಮಾಡಿತು. ಕಂಪನಿಯ ತಂತ್ರಾಂಶ ಕೆಲಸದ ದೊಡ್ಡ ಪಾಲು ಮುಂದೆ ಬೆಂಗಳೂರಿನ ಅದರ ಕೇಂದ್ರದಲ್ಲಿ ನಡೆಯಿತೆಂಬುದು ಕನ್ನಡ ಓದುಗರು ಗಮನಿಸಬೇಕಾದ ಸಂಗತಿ. 2007ರಲ್ಲಿ ಎಕೊಸ್ಟಾರ್ ಸಂಸ್ಥೆಯು ಸ್ಲಿಂಗ್ ಮೀಡಿಯಾವನ್ನು 38 ಕೋಟಿ ಡಾಲರ್‌ಗೆ ಕೊಂಡ ನಂತರವೂ ಆ ಕೇಂದ್ರ ಮುಂದುವರಿಯಿತು.

ಸ್ಲಿಂಗ್‌ಬಾಕ್ಸ್ ಸ್ವತಃ ಏನನ್ನೂ ಮುದ್ರಿಸುತ್ತಿರಲಿಲ್ಲ. ಅದು ಮುದ್ರಿಸುವ ಪೆಟ್ಟಿಗೆಯ ಪಕ್ಕದಲ್ಲಿ ಕೂರುತ್ತಿತ್ತು. ಸೆಟ್-ಟಾಪ್ ಬಾಕ್ಸ್ ಅಥವಾ ರೆಕಾರ್ಡರ್‌ನಿಂದ ಟಿವಿಗೆ ಹೋಗುವ ಚಿತ್ರ ಮತ್ತು ಧ್ವನಿಯ ಸಂಕೇತವನ್ನು ಮಾಮೂಲಿ ತಂತಿಗಳ ಮೂಲಕ ಒಳಕ್ಕೆ ತೆಗೆದುಕೊಂಡು, ಅದನ್ನು ಹೊಸದಾಗಿ ಡಿಜಿಟಲ್ ರೂಪಕ್ಕೆ ತಂದು, ಅಡಕಗೊಳಿಸಿ, ಮನೆಯ ಅಂತರ್ಜಾಲ ಸಂಪರ್ಕದ ಮೂಲಕ ಹೊರಗೆ ಕಳುಹಿಸುತ್ತಿತ್ತು. ಅದರ ಬೆನ್ನಿನಿಂದ ಹೊರಟ ಇನ್ನೊಂದು ತೆಳು ತಂತಿಯ ತುದಿಯಲ್ಲಿ ಅವಕೆಂಪು ದೀಪವಿರುತ್ತಿತ್ತು. ಅದನ್ನು ರೆಕಾರ್ಡರ್‌ನ ಮುಂಭಾಗಕ್ಕೆ ಅಂಟಿಸಿದರೆ, ಫೋನಿನಲ್ಲಿ ಒತ್ತಿದ ಗುಂಡಿಯ ಆದೇಶವು ಅಂತರ್ಜಾಲದಲ್ಲಿ ಹಾದು ಬಂದು, ರಿಮೋಟ್ ಹೊಮ್ಮಿಸುವಂಥದೇ ಬೆಳಕಿನ ಮಿಡಿತವಾಗಿ ರೆಕಾರ್ಡರ್‌ಗೆ ತಲುಪುತ್ತಿತ್ತು. ಮನೆಯಲ್ಲಿ ಯಾರೋ ರಿಮೋಟ್ ಒತ್ತುತ್ತಿದ್ದಾರೆಂದೇ ರೆಕಾರ್ಡರ್ ತಿಳಿಯುತ್ತಿತ್ತು. ಹೀಗಾಗಿ ಸಾವಿರಾರು ಮೈಲಿ ಆಚೆಗಿದ್ದವರು ತಮ್ಮ ರೆಕಾರ್ಡಿಂಗ್‌ಗಳ ಪಟ್ಟಿಯನ್ನೇ ತೆರೆದು, ಬೇಕಾದುದನ್ನು ಆರಿಸಿ, ಜಾಹೀರಾತು ಬಂದಾಗ ಮುಂದೋಡಿಸಿ ನೋಡಬಹುದಿತ್ತು. ಗುಂಡಿ ಒತ್ತಿದ ಮೇಲೆ ಪರದೆ ಪ್ರತಿಕ್ರಿಯಿಸಲು ಕೆಲವು ಸೆಕೆಂಡು ಕಾಯಬೇಕಾಗುತ್ತಿತ್ತು, ಅಷ್ಟೆ. ಯಾವ ಕೇಬಲ್ ಕಂಪನಿಯ ಅನುಮತಿಯನ್ನೂ ಕೇಳದೆ, ಯಾವ ಪೆಟ್ಟಿಗೆಯನ್ನೂ ಬಿಚ್ಚದೆ, ಹೊರಗಿನಿಂದಲೇ ಕೆಲಸ ಸಾಧಿಸಿದ ಈ ವಿನ್ಯಾಸವು ಗ್ರಾಹಕ ಉಪಕರಣಗಳ ಚರಿತ್ರೆಯಲ್ಲಿ ಅತ್ಯಂತ ಚತುರವಾದವುಗಳ ಸಾಲಿಗೆ ಸೇರುತ್ತದೆ.

ಅಡಚಣೆ ಇದ್ದುದು ದಾರಿಯಲ್ಲಿ. ಆ ಕಾಲದ ಮನೆ ಸಂಪರ್ಕಗಳಲ್ಲಿ ಒಳಬರುವ ವೇಗಕ್ಕೂ ಹೊರಹೋಗುವ ವೇಗಕ್ಕೂ ಅಜಗಜಾಂತರವಿತ್ತು. ಮನೆಯವರು ಅಂತರ್ಜಾಲದಿಂದ ಪಡೆಯುವವರೇ ಹೊರತು ಕೊಡುವವರಲ್ಲ ಎಂಬ ಎಣಿಕೆಯ ಮೇಲೆ ಆ ಜಾಲಗಳು ರೂಪುಗೊಂಡಿದ್ದವು. ಅಮೆರಿಕದ ಡಿಜಿಟಲ್ ಪ್ರಸಾರದ ಒಂದು ವಾಹಿನಿಯ ಪೂರ್ಣ ಸಾಮರ್ಥ್ಯ ಸೆಕೆಂಡಿಗೆ ಸುಮಾರು 19.4 ಮೆಗಾಬಿಟ್, ಹಾಗೆಯೇ ಮುದ್ರಿಸಿಟ್ಟರೆ ಒಂದು ಗಂಟೆಗೆ ಹತ್ತಿರ ಹತ್ತಿರ 8.7 ಗಿಗಾಬೈಟ್ ಆಗುತ್ತದೆ. ಅನೇಕ ಮನೆಗಳ ಹೊರಹೋಗುವ ವೇಗವಾದರೋ ಸೆಕೆಂಡಿಗೆ ಅರ್ಧ ಮೆಗಾಬಿಟ್ ಕೂಡ ಇರಲಿಲ್ಲ. ಈ ಕಂದರವನ್ನು ದಾಟಿಸಿದ ತಂತ್ರವೇ ಮರುಸಂಕೇತನ, ಅಂದರೆ ಒಂದು ಬಗೆಯಲ್ಲಿ ಅಡಕಗೊಂಡ ಚಿತ್ರವನ್ನು ಬಿಡಿಸಿ, ಚಿಕ್ಕ ಪರದೆಗೆ ಸಾಕಾಗುವಷ್ಟು ಕಿರಿದುಗೊಳಿಸಿ, ಹೆಚ್ಚು ಬಿಗಿಯಾದ ಇನ್ನೊಂದು ಬಗೆಯಲ್ಲಿ ಕಟ್ಟುವುದು. ವಿಡಿಯೊದ ಒಂದು ಚೌಕಟ್ಟಿಗೂ ಮುಂದಿನದಕ್ಕೂ ವ್ಯತ್ಯಾಸ ಅಲ್ಪವಾದ್ದರಿಂದ, ಆಗೊಮ್ಮೆ ಈಗೊಮ್ಮೆ ಪೂರ್ಣ ಚಿತ್ರವನ್ನು ಕಳುಹಿಸಿ, ನಡುವೆ ಬದಲಾವಣೆಗಳನ್ನು ಮಾತ್ರ ಕಳುಹಿಸಿದರೆ ಸಾಕು. ಸುದ್ದಿ ಓದುವವರ ಮುಖಕ್ಕೆ ಇದು ಸುಲಭ. ಚೆಂಡಿನ ಹಿಂದೆ ಇಡೀ ಮೈದಾನವೇ ಸರಿಯುವ ಕ್ರೀಡಾಪ್ರಸಾರಕ್ಕೆ ಕಷ್ಟ. ಅದಕ್ಕೇ ದಾರಿಯ ವೇಗವನ್ನು ಎಡೆಬಿಡದೆ ಅಳೆಯುತ್ತ, ವೇಗ ಕುಸಿದಾಗ ಚಿತ್ರದ ಸ್ಪಷ್ಟತೆಯನ್ನು ತಾನಾಗಿ ತಗ್ಗಿಸಿ, ಸುಧಾರಿಸಿದಾಗ ಏರಿಸುವ ಉಪಾಯವನ್ನು ಸ್ಲಿಂಗ್‌ಬಾಕ್ಸ್ ಅಳವಡಿಸಿಕೊಂಡಿತ್ತು. ಇಂದು ಪ್ರತಿಯೊಂದು ಓಟಿಟಿ ಆ್ಯಪ್‌ನಲ್ಲೂ ಕಾಣುವ ಹೊಂದಾಣಿಕೆಯ ಗುಣಮಟ್ಟವೆಂಬ ಸೌಲಭ್ಯವನ್ನು ಮನೆಯ ಮೂಲೆಯಲ್ಲಿ ಕೂತ ಪೆಟ್ಟಿಗೆಯೊಂದು ಅಷ್ಟು ಹಿಂದೆಯೇ ಮಾಡಿ ತೋರಿಸಿತ್ತು.

ಇನ್ನೊಂದು ತೊಡಕು ವಿಳಾಸದ್ದು. ಹೊರಗಿರುವ ಫೋನು ಮನೆಯ ಪೆಟ್ಟಿಗೆಯನ್ನು ಹುಡುಕಬೇಕಾದರೆ ಆ ಮನೆಗೆ ಅಂತರ್ಜಾಲದಲ್ಲಿ ನೆಲೆಯಾದ ವಿಳಾಸ ಬೇಕು. ಹಳೆಯ ವಿಳಾಸ ಪದ್ಧತಿಯಲ್ಲಿ ಇಡೀ ಪ್ರಪಂಚಕ್ಕೆ ಇರುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರ. ಹಾಗಾಗಿ ಮನೆಗಳಿಗೆ ಸಿಗುವುದು ಆಗಾಗ ಬದಲಾಗುವ ವಿಳಾಸ, ಮನೆಯೊಳಗಿನ ಹತ್ತು ಉಪಕರಣಗಳೂ ಅದರ ಹಿಂದೆಯೇ ಅಡಗಿರುತ್ತವೆ. ಒಳಗಿನಿಂದ ಹೊರಟ ಕೋರಿಕೆಗೆ ಉತ್ತರ ಬಂದರೆ ರೌಟರ್ ಬಿಡುತ್ತದೆ. ಕರೆಯದೆ ಹೊರಗಿನಿಂದ ಬಂದದ್ದನ್ನು ತಡೆಯುತ್ತದೆ. ರೌಟರ್‌ನಲ್ಲಿ ನಿರ್ದಿಷ್ಟ ಸಂಖ್ಯೆಯ ಕಿಂಡಿಯೊಂದನ್ನು ತೆರೆದು ಅದನ್ನು ಪೆಟ್ಟಿಗೆಗೆ ಜೋಡಿಸಬೇಕಾಗಿದ್ದ ಈ ಕೆಲಸವು ಸಾಮಾನ್ಯರಿಗೆ ಕಗ್ಗಂಟಾಗಿದ್ದರಿಂದ, ಪ್ರತಿ ಪೆಟ್ಟಿಗೆಯೂ ತಾನಿರುವ ವಿಳಾಸವನ್ನು ಆಗಾಗ ಕಂಪನಿಯ ಕೇಂದ್ರ ಸರ್ವರ್‌ಗೆ ತಿಳಿಸುವ, ಫೋನು ಅಲ್ಲಿಂದ ಅದನ್ನು ಕೇಳಿ ಪಡೆಯುವ ಏರ್ಪಾಡನ್ನು ಸ್ಲಿಂಗ್ ಮೀಡಿಯಾ ಮಾಡಿತು. ಬಳಕೆದಾರರ ಹೊರೆಯನ್ನು ಇಳಿಸಿದ ಆ ಏರ್ಪಾಡೇ ಕಾಲಾಂತರದಲ್ಲಿ ಉಪಕರಣದ ಆಯುಷ್ಯವನ್ನೂ ನಿರ್ಧರಿಸಿತು.

ಮೊಬೈಲಿನ ಮಟ್ಟಿಗೆ ಹೇಳುವುದಾದರೆ, ತಂತ್ರಜ್ಞಾನಕ್ಕಿಂತ ದೂರವಾಣಿ ಕಂಪನಿಗಳ ಷರತ್ತುಗಳೇ ಹೆಚ್ಚು ಕಾಲ ಅಡ್ಡ ನಿಂತವು. ವಿಂಡೋಸ್ ಮೊಬೈಲ್ ಫೋನುಗಳಿಗೆ 2006ರಲ್ಲೇ ಸ್ಲಿಂಗ್‌ಬಾಕ್ಸ್‌ನ ಚಿತ್ರ ತೋರಿಸುವ ತಂತ್ರಾಂಶವಾದ ಸ್ಲಿಂಗ್‌ಪ್ಲೇಯರ್ ಬಂದಿತ್ತು. ಐಫೋನಿಗೆ 2009ರ ಮೇ ತಿಂಗಳಲ್ಲಿ 30 ಡಾಲರ್ ಬೆಲೆಯ ಆ್ಯಪ್ ಆಗಿ ಬಂದಾಗ ಅದು ವೈ-ಫೈ ಇದ್ದಲ್ಲಿ ಮಾತ್ರ ನಡೆಯುತ್ತಿತ್ತು. ಮನೆಯ ಟಿವಿ ಸಂಕೇತವನ್ನು ಫೋನಿಗೆ ತಿರುಗಿಸುವುದು ತನ್ನ 3ಜಿ ಜಾಲದ ಮೇಲೆ ಅತಿಯಾದ ಹೊರೆ ಹಾಕುತ್ತದೆಂದು ದೂರವಾಣಿ ಕಂಪನಿ ಎಟಿ ಆ್ಯಂಡ್ ಟಿ ತಕರಾರು ತೆಗೆದು, 2010ರ ಫೆಬ್ರುವರಿಯಲ್ಲಿ ಮಾತ್ರ ಅನುಮತಿ ನೀಡಿತು. ಕೊಂಡ ಫೋನು ತಮ್ಮದು, ಶುಲ್ಕ ತೆತ್ತ ಕಾರ್ಯಕ್ರಮ ತಮ್ಮದು, ದತ್ತಾಂಶಕ್ಕೂ ಹಣ ಕೊಟ್ಟಿರುವುದು ತಾವೇ ಆಗಿದ್ದರೂ ಇವು ಮೂರನ್ನೂ ಜೋಡಿಸಲು ನೋಡುಗರು ಇನ್ನೊಬ್ಬರ ಒಪ್ಪಿಗೆಗೆ ಕಾಯಬೇಕಾಯಿತು. ಇದು ಸಣ್ಣ ಮಾತಲ್ಲ.

ಪ್ರಸಾರ ಸಂಸ್ಥೆಗಳ ಆತಂಕಕ್ಕೂ ಕಾರಣಗಳಿದ್ದವು ಎಂಬುದನ್ನು ಒಪ್ಪಬೇಕು. ಕ್ರೀಡೆ ಮತ್ತು ಚಲನಚಿತ್ರಗಳ ಹಕ್ಕುಗಳು ಪ್ರದೇಶವಾರು, ಮಾಧ್ಯಮವಾರು ಹಂಚಿಹೋಗಿ ಮಾರಾಟವಾಗುತ್ತವೆ. ಒಂದು ಊರಿನ ಪ್ರಸಾರ ಇನ್ನೊಂದು ಊರಿನಲ್ಲಿ ಕಂಡರೆ ಆ ಊರಿನ ಹಕ್ಕು ಕೊಂಡವರಿಗೆ ನಷ್ಟವೆಂಬುದು ಅವರ ಲೆಕ್ಕ. ಅಮೆರಿಕದ ಬೇಸ್‌ಬಾಲ್ ಲೀಗ್ ಸ್ಲಿಂಗ್‌ಬಾಕ್ಸ್‌ಗೆ ಬಹಿರಂಗವಾಗಿ ಆಕ್ಷೇಪ ಎತ್ತಿದ್ದು ಈ ನೆಲೆಯಿಂದಲೇ. ಆದರೂ ಒಬ್ಬ ಚಂದಾದಾರ ತನ್ನ ಮನೆಯಿಂದ ತನಗೇ, ಒಮ್ಮೆಗೆ ಒಂದೇ ಪರದೆಗೆ ಕಳುಹಿಸಿಕೊಳ್ಳುವುದನ್ನು ಸಾರ್ವಜನಿಕ ಪ್ರದರ್ಶನವೆನ್ನಲು ಯಾವ ನ್ಯಾಯಾಲಯಕ್ಕೂ ಸುಲಭವಾಗಿರಲಿಲ್ಲ. ಸ್ಲಿಂಗ್ ತಂತ್ರವನ್ನು ತನ್ನೊಳಗೇ ಅಡಗಿಸಿಕೊಂಡ ಡಿಶ್ ಕಂಪನಿಯ ಹಾಪರ್ ರೆಕಾರ್ಡರ್‌ನ ವಿರುದ್ಧ ಫಾಕ್ಸ್ ಪ್ರಸಾರ ಸಂಸ್ಥೆ ಹೂಡಿದ ದಾವೆಯಲ್ಲಿ ನ್ಯಾಯಾಧೀಶೆ ಡಾಲಿ ಗೀ ಅವರು 2015ರ ಜನವರಿಯಲ್ಲಿ, ದೂರದಿಂದ ನೋಡುವ ಸೌಲಭ್ಯವು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ ಎಂದರು. ಪ್ರಸಾರವನ್ನು ಆರಂಭಿಸುವವರು ಚಂದಾದಾರರೇ ಹೊರತು ಕಂಪನಿಯಲ್ಲ ಎಂಬುದು ಅದರ ತಿರುಳು.

ಪ್ರತಿಯು ಮನೆಯಿಂದ ಕಂಪನಿಯ ಕಟ್ಟಡಕ್ಕೆ ಹೋದಾಗ ಮಾತ್ರ ಕಾನೂನಿನ ನೆಲ ಅಲುಗಾಡತೊಡಗಿತು. ಮನೆಗೊಂದು ಹಾರ್ಡ್ ಡಿಸ್ಕ್ ಇಡುವ ಬದಲು ಎಲ್ಲ ಚಂದಾದಾರರ ಮುದ್ರಿಕೆಗಳನ್ನೂ ತನ್ನ ಕೇಂದ್ರದಲ್ಲೇ ಇಡುವ ಯೋಜನೆಯನ್ನು ನ್ಯೂಯಾರ್ಕ್ ಪ್ರದೇಶದ ಕೇಬಲ್‌ವಿಷನ್ ಕಂಪನಿಯು 2006ರಲ್ಲಿ ಪ್ರಕಟಿಸಿತು. ಒಂದೇ ಧಾರಾವಾಹಿಯನ್ನು ಸಾವಿರ ಮಂದಿ ಮುದ್ರಿಸಿದರೆ ಒಂದು ಪ್ರತಿ ಇಟ್ಟು ಸಾವಿರ ಮಂದಿಗೆ ತೋರಿಸುವುದು ಎಂಜಿನಿಯರಿಂಗ್ ದೃಷ್ಟಿಯಿಂದ ಸಹಜ; ಕೇಬಲ್‌ವಿಷನ್ ಮಾತ್ರ ಬೇಕೆಂದೇ ಸಾವಿರ ಪ್ರತ್ಯೇಕ ಪ್ರತಿಗಳನ್ನು ಇಟ್ಟಿತು, ಏಕೆಂದರೆ ಪ್ರತಿಯೊಂದೂ ಒಬ್ಬ ಚಂದಾದಾರನಿಗಷ್ಟೇ ಸೇರಿದ್ದಾದರೆ ಅದರ ಪ್ರದರ್ಶನ ಖಾಸಗಿಯೆನ್ನಿಸಿಕೊಳ್ಳುತ್ತದೆ. ಕೆಳ ನ್ಯಾಯಾಲಯದ ನ್ಯಾಯಾಧೀಶ ಡೆನ್ನಿ ಚಿನ್ 2007ರಲ್ಲಿ ಕಂಪನಿಯ ವಿರುದ್ಧ ತೀರ್ಪಿತ್ತರು. ಮೇಲ್ಮನವಿ ನ್ಯಾಯಾಲಯ 2008ರ ಆಗಸ್ಟ್‌ನಲ್ಲಿ ಅದನ್ನು ತಿರುಗಿಸಿ, ಗುಂಡಿ ಒತ್ತಿ ಪ್ರತಿ ಮಾಡುವವರು ಚಂದಾದಾರರೇ ಎಂದಿತು. ದಾರಿಯಲ್ಲಿ 1.2 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲದ ತಾತ್ಕಾಲಿಕ ಪ್ರತಿಗಳು ಕಾನೂನಿನ ಅರ್ಥದಲ್ಲಿ ಪ್ರತಿಗಳೇ ಅಲ್ಲವೆಂಬ ಅದರ ನಿರ್ಣಯವು ಮುಂದೆ ಕ್ಲೌಡ್ ಸಂಗ್ರಹ ಉದ್ಯಮಕ್ಕೆಲ್ಲ ಆಸರೆಯಾಯಿತು. ಕಾನೂನಿನ ಒಂದು ವಾಕ್ಯಕ್ಕಾಗಿ ಡಿಸ್ಕ್‌ಗಳ ಗುಡ್ಡವನ್ನೇ ಒಟ್ಟಬೇಕಾದುದು ಸಂಪನ್ಮೂಲಗಳ ವ್ಯರ್ಥವೇ ಸರಿ. ಆದರೂ ಪ್ರತಿಯ ಒಡೆತನವನ್ನು ನೋಡುಗರ ಬಳಿಯೇ ಉಳಿಸಿದ್ದಕ್ಕಾಗಿ ಆ ತೀರ್ಪು ಗೌರವಕ್ಕೆ ಅರ್ಹವಾದದ್ದು.

ಈ ತರ್ಕವನ್ನು ಅದರ ಅಂಚಿನವರೆಗೆ ಒಯ್ದದ್ದು ಏರಿಯೊ. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಉದ್ಯಮಿಯಾದ ಚೇತ್ ಕನೋಜಿಯಾ ಸ್ಥಾಪಿಸಿದ ಈ ಕಂಪನಿಯು 2012ರಲ್ಲಿ ನ್ಯೂಯಾರ್ಕ್‌ನಲ್ಲಿ ಸೇವೆ ತೊಡಗಿ, ನಾಣ್ಯದಷ್ಟು ಚಿಕ್ಕ ಸಾವಿರಾರು ಆಂಟೆನಾಗಳನ್ನು ಒಂದೆಡೆ ಜೋಡಿಸಿ, ಚಂದಾದಾರರು ನೋಡುವಷ್ಟು ಹೊತ್ತು ಒಬ್ಬೊಬ್ಬರಿಗೆ ಒಂದೊಂದು ಆಂಟೆನಾವನ್ನೂ ಒಂದೊಂದು ಮುದ್ರಿಕೆಯನ್ನೂ ಮೀಸಲಿಟ್ಟಿತು. ಉಚಿತವಾಗಿ ಗಾಳಿಯಲ್ಲಿ ಬರುವ ಪ್ರಸಾರವನ್ನು ಹೀಗೆ ಫೋನಿನಲ್ಲಿ ನೋಡಲು, ಮುದ್ರಿಸಲು ಅದು ಬಾಡಿಗೆ ಪಡೆಯುತ್ತಿತ್ತು. ಮನೆಯ ಮಾಡಿನ ಮೇಲೆ ಆಂಟೆನಾ ಇಡುವುದು ಸಕ್ರಮವಾದರೆ, ಅದನ್ನೇ ಬಾಡಿಗೆಯ ಜಾಗದಲ್ಲಿ ಇಡುವುದು ಹೇಗೆ ಅಕ್ರಮವಾದೀತು ಎಂಬ ಅದರ ವಾದ ಕೆಳಹಂತಗಳಲ್ಲಿ ಗೆದ್ದಿತು. ಸುಪ್ರೀಂ ಕೋರ್ಟ್ 2014ರ ಜೂನ್ 25ರಂದು 6–3ರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಕೇಬಲ್ ಕಂಪನಿಯಂತೆ ಕಾಣುವ, ಅದರಂತೆಯೇ ವರ್ತಿಸುವ ಸೇವೆಯು ಅದರಂತೆಯೇ ಪರವಾನಗಿ ಪಡೆಯಬೇಕೆಂಬ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಅವರ ನಿಲುವಿಗೆ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಭಿನ್ನ ತೀರ್ಪು ಬರೆದರು. ಅದೇ ವರ್ಷದ ನವೆಂಬರಿನಲ್ಲಿ ಏರಿಯೊ ದಿವಾಳಿ ಅರ್ಜಿ ಸಲ್ಲಿಸಿತು.

ಇದೇ ಪ್ರಶ್ನೆಗೆ ಬೇರೆ ದೇಶಗಳು ಕೊಟ್ಟ ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಮ್ಮತವೇ ಇಲ್ಲವೆಂಬುದು ಗೊತ್ತಾಗುತ್ತದೆ. ಸಿಂಗಪುರದ ಮೇಲ್ಮನವಿ ನ್ಯಾಯಾಲಯವು 2010ರಲ್ಲಿ ರೆಕಾರ್ಡ್‌ಟಿವಿ ಎಂಬ ಅಂತರ್ಜಾಲ ಮುದ್ರಣ ಸೇವೆಯನ್ನು ಎತ್ತಿಹಿಡಿಯಿತು. ಆಸ್ಟ್ರೇಲಿಯಾದಲ್ಲಿ ಆಪ್ಟಸ್ ದೂರವಾಣಿ ಕಂಪನಿಯು ಟಿವಿ ನೌ ಎಂಬ ಸೇವೆಯ ಮೂಲಕ, ಉಚಿತ ಪ್ರಸಾರದ ಫುಟ್‌ಬಾಲ್ ಪಂದ್ಯಗಳನ್ನು ಗ್ರಾಹಕರ ಆದೇಶದ ಮೇರೆಗೆ ಮುದ್ರಿಸಿ, ಕೆಲವೇ ನಿಮಿಷಗಳ ಅಂತರದಲ್ಲಿ ಅವರ ಫೋನಿಗೆ ಒದಗಿಸಿತು. ಅಲ್ಲಿನ ಫೆಡರಲ್ ನ್ಯಾಯಾಲಯದ ಏಕಸದಸ್ಯ ಪೀಠ 2012ರ ಫೆಬ್ರುವರಿಯಲ್ಲಿ ಅದನ್ನು ಸಕ್ರಮವೆಂದರೆ, ಏಪ್ರಿಲ್‌ನಲ್ಲಿ ಪೂರ್ಣಪೀಠವು ಪ್ರತಿ ಮಾಡಿದ್ದು ಆಪ್ಟಸ್, ಅಥವಾ ಗ್ರಾಹಕ ಮತ್ತು ಆಪ್ಟಸ್ ಕೂಡಿ, ಎಂದು ಹೇಳಿ ಆ ತೀರ್ಪನ್ನು ರದ್ದುಪಡಿಸಿತು. ಯೂರೋಪಿನ ನ್ಯಾಯಾಲಯವೂ 2017ರ ನವೆಂಬರಿನಲ್ಲಿ ವಿಕಾಸ್ಟ್ ಪ್ರಕರಣದಲ್ಲಿ, ಖಾಸಗಿ ಪ್ರತಿಯ ವಿನಾಯಿತಿಯು ಇಂಥ ಕ್ಲೌಡ್ ಸೇವೆಗೆ ಅನ್ವಯಿಸದು ಎಂದಿತು.

ಇವೆಲ್ಲಕ್ಕಿಂತ ಹೆಚ್ಚು ಚಿಂತನೆಗೆ ಹಚ್ಚುವುದು ಜಪಾನಿನ ಎರಡು ತೀರ್ಪುಗಳು. ವಿದೇಶದಲ್ಲಿರುವ ಜಪಾನೀಯರಿಗಾಗಿ ಮಾನೆಕಿ ಟಿವಿ ಎಂಬ ಸೇವೆಯು, ಗ್ರಾಹಕರು ತಾವೇ ಕೊಂಡು ತಂದುಕೊಟ್ಟ ಸೋನಿ ಲೊಕೇಷನ್‌ಫ್ರೀ ಪೆಟ್ಟಿಗೆಗಳನ್ನು ತನ್ನ ಕಚೇರಿಯಲ್ಲಿಟ್ಟು, ಆಂಟೆನಾಕ್ಕೆ ಜೋಡಿಸಿಕೊಡುತ್ತಿತ್ತು. ಪೆಟ್ಟಿಗೆ ಗ್ರಾಹಕರದು, ನೋಡುವವರು ಆ ಗ್ರಾಹಕರೊಬ್ಬರೇ. ಸೇವೆಯವರ ಪಾಲು ಕೇವಲ ಜಾಗ, ವಿದ್ಯುತ್ತು ಮತ್ತು ತಂತಿ. ರೊಕುರಾಕು ಎಂಬ ಇನ್ನೊಂದು ಸೇವೆಯು ತಾಯಿಯಂತ್ರವನ್ನು ಜಪಾನಿನಲ್ಲಿಯೂ ಮರಿಯಂತ್ರವನ್ನು ವಿದೇಶದ ಮನೆಯಲ್ಲಿಯೂ ಇಟ್ಟು, ಮುದ್ರಿಸಿದ ಕಾರ್ಯಕ್ರಮವನ್ನು ಅಲ್ಲಿಗೆ ಕಳುಹಿಸುತ್ತಿತ್ತು. ಬೌದ್ಧಿಕ ಸ್ವತ್ತಿನ ಉಚ್ಚ ನ್ಯಾಯಾಲಯದಲ್ಲಿ ಎರಡೂ ಗೆದ್ದಿದ್ದವು. ಜಪಾನಿನ ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ, ಎರಡು ದಿನಗಳ ಅಂತರದಲ್ಲಿ ಎರಡನ್ನೂ ತಿರುಗಿಸಿತು: ಪ್ರಸಾರದ ಸಂಕೇತವನ್ನು ಯಂತ್ರದೊಳಕ್ಕೆ ಹರಿಸುವವರೇ ಪ್ರತಿ ಮಾಡುವವರು, ಪ್ರಸಾರ ಮಾಡುವವರು, ಯಾರು ಬೇಕಾದರೂ ಒಪ್ಪಂದ ಮಾಡಿಕೊಂಡು ಗ್ರಾಹಕರಾಗಬಹುದಾದ್ದರಿಂದ ಒಬ್ಬರಿಗೆ ಕಳುಹಿಸಿದರೂ ಅದು ಸಾರ್ವಜನಿಕರಿಗೆ ಕಳುಹಿಸಿದಂತೆ. ಪೆಟ್ಟಿಗೆ ತಮ್ಮ ಮನೆಯಲ್ಲಿದ್ದರೆ ಹಕ್ಕು, ಅದೇ ಪೆಟ್ಟಿಗೆ ಬಾಡಿಗೆಯ ಕಪಾಟಿನಲ್ಲಿದ್ದರೆ ಅಪರಾಧ ಎಂಬ ಈ ನಿಲುವು, ತಾಯ್ನಾಡಿನಲ್ಲಿ ಮನೆಯನ್ನೇ ಉಳಿಸಿಕೊಂಡಿರದ ವಲಸಿಗರನ್ನು ತಮ್ಮ ನುಡಿಯ ಟೆಲಿವಿಷನ್ನಿನಿಂದ ದೂರವಿಟ್ಟಿತು. ಕಾನೂನಿನ ಅಕ್ಷರಕ್ಕೆ ಅದು ಹೊಂದಿರಬಹುದು. ಪ್ರಸಾರವನ್ನು ಯಾರಿಗಾಗಿ ಮಾಡಲಾಗುತ್ತದೆಯೋ ಅವರ ಹಿತಕ್ಕೆ ಹೊಂದಿತೆಂದು ಹೇಳುವುದು ಕಷ್ಟ.

ಮನೆಯೊಳಗಿನ ಪೆಟ್ಟಿಗೆಗೂ ಯಂತ್ರವೇ ಕಾವಲು ಕಾಯುವ ವ್ಯವಸ್ಥೆ ಆ ಹೊತ್ತಿಗೆ ಬಂದಿತ್ತು. ಡಿಜಿಟಲ್ ಪ್ರಸಾರದ ಜೊತೆಗೇ ಒಂದು ಚಿಕ್ಕ ಗುರುತು ಹರಿದು ಬರುತ್ತದೆ: ಪ್ರತಿ ಮಾಡಬಹುದು, ಒಮ್ಮೆ ಮಾಡಬಹುದು, ಮಾಡಲೇಬಾರದು ಎಂಬ ಆದೇಶಗಳಲ್ಲಿ ಒಂದನ್ನು ಅದು ರೆಕಾರ್ಡರ್‌ಗೆ ಹೇಳುತ್ತದೆ. ಮುದ್ರಿಕೆಯು ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ರಕ್ಷಿಸಲೆಂದು ರೂಪಿಸಿದ ಡಿಟಿಸಿಪಿ-ಐಪಿ ಎಂಬ ಪದ್ಧತಿಯಲ್ಲಿ, ಕೇಳುವ ಯಂತ್ರವು ಮನೆಯೊಳಗೇ ಇದೆಯೆಂದು ಖಚಿತಪಡಿಸಿಕೊಳ್ಳಲು, ಸಂದೇಶ ಹೋಗಿ ಬರುವ ಅವಧಿ 7 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರದಲ್ಲಿ ಏಳು ಪಾಲು, ಮೀರಬಾರದೆಂಬ ನಿಯಮವಿತ್ತು. ಮನೆಯ ಎಲ್ಲೆಯನ್ನು ಗೋಡೆಯ ಬದಲು ಕಾಲದಿಂದ ಅಳೆದ ಈ ಕ್ರಮದಿಂದ, ಹೊರಗಿನ ಫೋನಿಗೆ ಬಾಗಿಲು ತಾನಾಗಿ ಮುಚ್ಚುತ್ತಿತ್ತು. ಜಪಾನಿನಲ್ಲಿ 2014ರ ಹೊತ್ತಿಗೆ ಈ ನಿಯಮ ಸಡಿಲವಾಗಿ, ಫೋನನ್ನು ಮೊದಲು ಮನೆಯೊಳಗೆ ರೆಕಾರ್ಡರ್‌ಗೆ ಪರಿಚಯಿಸಿದರೆ ಆಮೇಲೆ ಹೊರಗಿನಿಂದಲೂ ನೋಡಬಹುದಾಯಿತು. ಆ ಪರಿಚಯವನ್ನು ಮೂರು ತಿಂಗಳೊಳಗೆ ಮನೆಗೆ ಬಂದು ನವೀಕರಿಸಬೇಕಿತ್ತು. ಸೋನಿ 2012ರಲ್ಲಿ ತಂದು, 2021ರಲ್ಲಿ ಬಫಲೊ ಕಂಪನಿ ಮುಂದುವರಿಸಿದ ನಾಸ್ನೆ ಎಂಬ ರೆಕಾರ್ಡರ್ ಮನೆಯ ಮುದ್ರಿಕೆಯನ್ನು ಫೋನಿಗೆ ತಲುಪಿಸುವ ಪರಂಪರೆಯನ್ನು ಇಂದಿಗೂ ಜೀವಂತವಾಗಿಟ್ಟಿರುವ ಕೆಲವೇ ಉಪಕರಣಗಳಲ್ಲಿ ಒಂದು.

ಭಾರತದ ಕಾನೂನು ಈ ವಿಷಯದಲ್ಲಿ ನೋಡುಗರಿಗೆ ಉದಾರವಾಗಿದೆ. ಕೃತಿಸ್ವಾಮ್ಯ ಕಾಯ್ದೆಯ 37ನೆಯ ಕಲಮು ಪ್ರಸಾರ ಸಂಸ್ಥೆಗೆ ತನ್ನ ಪ್ರಸಾರದ ಮೇಲೆ 25 ವರ್ಷಗಳ ವಿಶೇಷ ಹಕ್ಕನ್ನು ಕೊಟ್ಟರೆ, 39ನೆಯ ಕಲಮು ಮುದ್ರಿಸುವವರ ಖಾಸಗಿ ಬಳಕೆಗಾಗಿಯೂ ಪ್ರಾಮಾಣಿಕ ಬೋಧನೆ ಅಥವಾ ಸಂಶೋಧನೆಗಾಗಿಯೂ ಮಾಡುವ ದೃಶ್ಯ ಮತ್ತು ಧ್ವನಿ ಮುದ್ರಣವನ್ನು ಆ ಹಕ್ಕಿನ ಉಲ್ಲಂಘನೆಯಿಂದ ಹೊರಗಿಡುತ್ತದೆ. ಅಮೆರಿಕದಲ್ಲಿ ಎಂಟು ವರ್ಷಗಳ ದಾವೆಯಿಂದ, ಒಂದೇ ಮತದ ಅಂತರದಲ್ಲಿ ದೊರೆತದ್ದು ಇಲ್ಲಿ ಕಾಯ್ದೆಯ ಪಠ್ಯದಲ್ಲೇ ಬರೆದಿಟ್ಟಿದೆ. ಬಳಕೆಯಲ್ಲಿ ಮಾತ್ರ ಈ ಹಕ್ಕು ಕಿರಿದಾಗಿಯೇ ಉಳಿಯಿತು. ಟಾಟಾ ಸ್ಕೈ ಕಂಪನಿಯು 2015ರಲ್ಲಿ ತಂದ ಟ್ರಾನ್ಸ್‌ಫರ್ ಎಂಬ ಪೆಟ್ಟಿಗೆಯು ಮುದ್ರಿಸಿದ ಕಾರ್ಯಕ್ರಮವನ್ನು ಮನೆಯ ವೈ-ಫೈ ಮೂಲಕ ಫೋನಿಗೆ ಇಳಿಸಿಕೊಂಡು ಹೊರಗೆ ಒಯ್ಯುವ ಅವಕಾಶ ಕೊಟ್ಟಿತು. ದಾರಿಯ ವೇಗದ ಸಮಸ್ಯೆಯನ್ನು ಅದು ಮನೆ ಬಿಡುವ ಮುನ್ನವೇ ಪರಿಹರಿಸಿದ್ದು ಜಾಣತನ. ಉಳಿದಂತೆ ಡಿಟಿಎಚ್ ಪೆಟ್ಟಿಗೆಗಳ ಬಹುಪಾಲು ಮುದ್ರಿಕೆಗಳು ಯುಎಸ್‌ಬಿ ಡ್ರೈವ್‌ನಲ್ಲಿದ್ದರೂ ಗೂಢಲಿಪಿಯಲ್ಲಿ ಬಂಧಿತವಾಗಿ, ಮುದ್ರಿಸಿದ ಪೆಟ್ಟಿಗೆಯಲ್ಲಲ್ಲದೆ ಬೇರೆಲ್ಲಿಯೂ ತೆರೆದುಕೊಳ್ಳುವುದಿಲ್ಲ. ಕಾಯ್ದೆ ಕೊಟ್ಟ ಹಕ್ಕನ್ನು ಬೀಗವೊಂದು ಹೀಗೆ ಕಿತ್ತುಕೊಳ್ಳುವುದನ್ನು ಯಾರೂ ಪ್ರಶ್ನಿಸದಿರುವುದು ಖೇದದ ಸಂಗತಿ.

ಮನೆಯ ಮುದ್ರಿಕೆಯನ್ನು ಹಿಂದಕ್ಕೆ ತಳ್ಳಿದ್ದು ಅಂತಿಮವಾಗಿ ಓಟಿಟಿಯ ಸುಲಭತೆ. ಕನ್ನಡದ ಧಾರಾವಾಹಿಗಳೂ ರಿಯಾಲಿಟಿ ಷೋಗಳೂ ಪ್ರಸಾರವಾದ ಕೂಡಲೇ ಆ್ಯಪ್‌ಗಳಲ್ಲಿ ಸಿಗುವಾಗ ರೆಕಾರ್ಡರ್ ಕೊಳ್ಳುವವರು ವಿರಳ. ಆದರೆ ಹಕ್ಕಿನ ಒಪ್ಪಂದ ಮುಗಿದಾಗ, ವೇದಿಕೆಗಳು ವಿಲೀನವಾದಾಗ, ದೇಶದ ಗಡಿ ದಾಟಿದಾಗ ಅದೇ ಕಾರ್ಯಕ್ರಮ ಕಾಣೆಯಾಗಬಹುದು; ಮಿಗಿಲಾಗಿ, ಸ್ಥಳೀಯ ಸುದ್ದಿ, ಚರ್ಚೆ, ಸಂದರ್ಶನಗಳಂಥ, ಮುಂದೆ ಚರಿತ್ರೆಯ ಆಕರವಾಗಬಹುದಾದ ಪ್ರಸಾರಗಳ ದೊಡ್ಡ ಪಾಲು ಯಾವ ವೇದಿಕೆಯಲ್ಲೂ ಉಳಿಯುವುದಿಲ್ಲ. ಉಪಕರಣಗಳ ಪಾಡೂ ಇದಕ್ಕಿಂತ ಭಿನ್ನವಲ್ಲ. ಸ್ಲಿಂಗ್‌ಬಾಕ್ಸ್‌ನ ತಯಾರಿಕೆ ನಿಲ್ಲಿಸಿರುವುದಾಗಿ 2020ರಲ್ಲಿ ಘೋಷಿಸಿದ ಕಂಪನಿಯು 2022ರ ನವೆಂಬರ್ 9ರಂದು ತನ್ನ ಕೇಂದ್ರ ಸರ್ವರ್‌ಗಳನ್ನು ಮುಚ್ಚಿತು. ಯಾವ ದೋಷವೂ ಇಲ್ಲದ, ಮಾಲೀಕರ ಮನೆಯಲ್ಲೇ ಇದ್ದ ಪೆಟ್ಟಿಗೆಗಳಿಗೆ ಅಧಿಕೃತ ಆ್ಯಪ್‌ನ ಸಂಪರ್ಕ ಅಂದಿಗೆ ತಪ್ಪಿಹೋಯಿತು. ಸ್ಲಿಂಗರ್ ಎಂಬ ಹೆಸರಿನಲ್ಲಿ ಬಳಕೆದಾರರ ವಲಯದಿಂದಲೇ ಬಂದ ಮುಕ್ತ ತಂತ್ರಾಂಶವೊಂದು ಮನೆಯ ಕಂಪ್ಯೂಟರಿನಲ್ಲಿ ನಡೆಯುತ್ತ, ಪೆಟ್ಟಿಗೆಯೊಡನೆ ನೇರವಾಗಿ ಮಾತಾಡಿ, ಅದರ ಚಿತ್ರವನ್ನು ಮಾಮೂಲಿ ವಿಡಿಯೊ ಪ್ಲೇಯರ್‌ಗೆ ಒದಗಿಸಿ, ಅವುಗಳಲ್ಲಿ ಹಲವನ್ನು ಉಳಿಸಿತು. ಕಂಪನಿಯು ಹಿಂದೆ ಸರಿಯುವಾಗ, ಉಪಕರಣವನ್ನು ನೇರವಾಗಿ ತಲುಪುವ ಕ್ರಮವನ್ನು ಪ್ರಕಟಿಸಿ ಹೋಗಬೇಕೆಂಬ ಕನಿಷ್ಠ ನಿಯಮವಿದ್ದಿದ್ದರೆ ಆ ಶ್ರಮವೂ ಬೇಕಿರಲಿಲ್ಲ.

ಕಂಪನಿಯ ಹಂಗಿಲ್ಲದೆ ಇದೇ ಕೆಲಸವನ್ನು ಮಾಡುವ ದಾರಿ ಇಂದು ಕರ್ನಾಟಕದ ಮನೆಯಲ್ಲೂ ತೆರೆದಿದೆ. ಡಿಡಿ ಫ್ರೀ ಡಿಶ್‌ನಲ್ಲಿ ಚಂದನವೂ ಸೇರಿದಂತೆ ಅನೇಕ ವಾಹಿನಿಗಳು ಗೂಢಲಿಪಿಯಿಲ್ಲದೆ ಬರುತ್ತವೆ. ಉಪಗ್ರಹದ ಸಂಕೇತವನ್ನು ಓದುವ ಟ್ಯೂನರ್ ಕಾರ್ಡ್ ಒಂದನ್ನು ಹಳೆಯ ಕಂಪ್ಯೂಟರಿಗೆ ಹಾಕಿ, ಟಿವಿಹೆಡ್‌ಎಂಡ್ ಎಂಬ ಮುಕ್ತ ತಂತ್ರಾಂಶವನ್ನು ಅದರಲ್ಲಿ ನಡೆಸಿದರೆ, ‘ಥಟ್ ಅಂತ ಹೇಳಿ’ಯಂಥ ಕಾರ್ಯಕ್ರಮವನ್ನು ವೇಳಾಪಟ್ಟಿಯಂತೆ ಮುದ್ರಿಸಿಡಬಹುದು, ಮುದ್ರಿಕೆಯು ಯಾವ ಬೀಗವೂ ಇಲ್ಲದ ಸಾಮಾನ್ಯ ಕಡತವಾಗಿರುತ್ತದೆ. ಹೊರಗಿನಿಂದ ತಲುಪಲು ವೈರ್‌ಗಾರ್ಡ್ ಎಂಬ, 2020ರಿಂದ ಲಿನಕ್ಸ್‌ನ ಭಾಗವೇ ಆಗಿರುವ ಖಾಸಗಿ ಸುರಂಗ ಸಾಕು. ಫೋನು ಎಲ್ಲಿದ್ದರೂ ಮನೆಯ ಜಾಲದೊಳಗೇ ಇರುವಂತೆ ಅದು ವರ್ತಿಸುತ್ತದೆ. ಅನೇಕ ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚುವ ಅಂತರ್ಜಾಲ ಕಂಪನಿಗಳಲ್ಲಿ ಹಳೆಯ ವಿಳಾಸ ಪದ್ಧತಿಯಿಂದ ಇದು ನಡೆಯದು. ಅಂಥಲ್ಲಿ ಐಪಿವಿ6 ಎಂಬ ಹೊಸ ಪದ್ಧತಿಯನ್ನು ರೌಟರ್‌ನಲ್ಲಿ ಸಕ್ರಿಯಗೊಳಿಸಿ, ಸುರಂಗದ ಕಿಂಡಿಯೊಂದನ್ನು ಮಾತ್ರ ತೆರೆದಿಡಬೇಕು. ಮನೆಮನೆಗೆ ಬಂದಿರುವ ಫೈಬರ್ ಸಂಪರ್ಕಗಳಲ್ಲಿ ಹೊರಹೋಗುವ ವೇಗವೂ ಸಾಕಷ್ಟಿರುವುದರಿಂದ, ಸಾಧಾರಣ ಗುಣಮಟ್ಟದ ಮುದ್ರಿಕೆಯನ್ನು ಮರುಸಂಕೇತನವಿಲ್ಲದೆ ಇದ್ದಂತೆಯೇ ಫೋನಿಗೆ ಹರಿಸಬಹುದು.